ಪಂಕ್ತಿಗೆ ಕೂರಬೇಡಿ, ಬಡಿಸಲು ನಿಲ್ಲಿ: ಜರ್ಮನಿಯ ಯೂನಿವರ್ಸಿಟಿಯಲ್ಲಿ ಬೆರೆಯುವ ದಾರಿ

ಜರ್ಮನಿಗೆ ಎಂಎಸ್ ಓದಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದಿದೆ. "ಅಕ್ಕಾ, ಇಲ್ಲಿ ಫೆಸ್ಟ್ ಯಾವಾಗ?"

ಅವರ ತಪ್ಪಲ್ಲ. ದಾವಣಗೆರೆಯಲ್ಲಿ ಬಿಇ ಓದುವಾಗ ನಮಗೂ ಕಾಲೇಜು ಅಂದರೆ ಫೆಸ್ಟು, ಎಥ್ನಿಕ್ ಡೇ, ರಾಜ್ಯೋತ್ಸವ, ಕ್ಯಾಂಟೀನಿನ ಮುಂದಿನ ಕಟ್ಟೆ. ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ಸುಮ್ನೆ ಕಾಲೇಜಿಗೆ ಹೋದರೂ ಸಾಕಿತ್ತು, ಯಾರಾದರೂ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದರು.

ನಾನು ಮಾಸ್ಟರ್ಸ್ ಓದಿದ್ದು ಆಖೆನ್‌ನ ಆರ್‌ಡಬ್ಲ್ಯುಟಿಎಚ್‌ನಲ್ಲಿ. ಅದಕ್ಕೆ ಕಾಂಪೌಂಡೇ ಇಲ್ಲ. 1870ರಲ್ಲಿ ಶುರುವಾದ ಯೂನಿವರ್ಸಿಟಿ, 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಊರಲ್ಲಿರುವುದೇ ಸುಮಾರು ಎರಡೂವರೆ ಲಕ್ಷ ಜನ. ಕಟ್ಟಡಗಳು ಊರ ತುಂಬ ಚೆಲ್ಲಿಕೊಂಡಿವೆ. ಒಂದು ಕ್ಲಾಸು ಹಳೇ ಪೇಟೆಯ ಹತ್ತಿರ, ಇನ್ನೊಂದಕ್ಕೆ ಬಸ್ ಹಿಡಿದು ಊರಾಚೆಯ ಮೆಲಾಟನ್‌ಗೆ ಹೋಗಬೇಕು. ಕ್ಲಾಸು ಮುಗಿದ ಹತ್ತು ನಿಮಿಷಕ್ಕೆ ಹಾಲ್ ಖಾಲಿ. ಎಲ್ಲರೂ ಎಲ್ಲಿಗೋ ಹೋಗುತ್ತಾರೆ. ಎಲ್ಲಿಗೆ ಅಂತ ಯಾರೂ ಹೇಳುವುದಿಲ್ಲ.

ಅದು ಸೊಕ್ಕಲ್ಲ. ಕೇಳದೆ ಇನ್ನೊಬ್ಬರ ಸಮಯಕ್ಕೆ ಕೈ ಹಾಕಬಾರದು ಅನ್ನುವುದು ಇಲ್ಲಿನವರ ರೂಢಿ. ನೀವು ಒಂಟಿಯಾಗಿ ಕೂತಿದ್ದರೆ, ಬೇಕು ಅಂತಲೇ ಕೂತಿದ್ದೀರಿ ಅಂದುಕೊಳ್ಳುತ್ತಾರೆ. ಹಾಗಾಗಿ ಕರೆಯಲಿ ಅಂತ ಕಾಯಬೇಡಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹೋದ ಕಡೆ ಅತಿಥಿಯಾಗಿ ಇರಬೇಡಿ. ಮದುವೆಮನೆಯಲ್ಲಿ ಪಂಕ್ತಿಗೆ ಕೂತವರಿಗೆ ಅಕ್ಕಪಕ್ಕದ ಇಬ್ಬರು ಮಾತ್ರ ಗೊತ್ತಾಗುತ್ತಾರೆ. ಬಡಿಸಲು ನಿಂತವನಿಗೆ ಇಡೀ ಚೌಟ್ರಿ ಪರಿಚಯವಾಗುತ್ತದೆ, ಅಲ್ವಾ? ಜರ್ಮನಿಯ ವಿದ್ಯಾರ್ಥಿ ಬದುಕು ನಡೆಯುವುದು ಪೂರ್ತಿ ಹಾಗೆಯೇ. ಇಲ್ಲಿ ಆಟ, ಬಾರು, ರೇಡಿಯೋ, ಸಿನಿಮಾ, ರೇಸ್ ಕಾರು ಎಲ್ಲವನ್ನೂ ವಿದ್ಯಾರ್ಥಿಗಳೇ ಸಂಬಳವಿಲ್ಲದೆ ನಡೆಸುತ್ತಾರೆ. ಎಲ್ಲ ಕಡೆ ಕೈ ಕಡಿಮೆ ಇರುತ್ತದೆ. ಒಂದು ಕೆಲಸ ಹಿಡಿದರೆ ಅವತ್ತಿಂದಲೇ ನೀವು ಒಳಗಿನವರು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2022-23ರ ಚಳಿಗಾಲದ ಸೆಮಿಸ್ಟರಿನಿಂದ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದ್ದೇ ಅತಿ ದೊಡ್ಡ ಗುಂಪು. ಮುಂದಿನ ವರ್ಷ ಆ ಸಂಖ್ಯೆ 49,000 ದಾಟಿತು. ಅಂದರೆ ಬೇಕಿದ್ದರೆ ಒಬ್ಬ ಜರ್ಮನ್ ಹೆಸರೂ ತಿಳಿಯದೆ, ಎರಡು ವರ್ಷ ನಮ್ಮವರ ಜೊತೆಯೇ ಉಂಡು, ಓದಿ, ಡಿಗ್ರಿ ತಗೊಂಡು ಹೋಗಬಹುದು. ತುಂಬ ಜನ ಹಾಗೇ ಮಾಡುತ್ತಾರೆ. ಅದು ಸಾಕು ಅನ್ನಿಸಿದರೆ ಮುಂದೆ ಓದಬೇಕಾಗಿಲ್ಲ.

ಶುರುವಿನ ವಾರಗಳು

ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ಕ್ಕೆ ಶುರು. ಕ್ಲಾಸುಗಳು ಸಾಮಾನ್ಯವಾಗಿ ಒಂದು ವಾರವಾದ ಮೇಲೆ. ಆ ಮಧ್ಯೆ ಹೊಸಬರಿಗಾಗಿ ಒಂದು ವಾರದ ಕಾರ್ಯಕ್ರಮ ಇರುತ್ತದೆ. ನಡೆಸುವವರು ಆಯಾ ವಿಭಾಗದ ವಿದ್ಯಾರ್ಥಿ ಸಂಘ. ಅದಕ್ಕೆ ಇಲ್ಲಿ ಫಾಖ್‌ಶಾಫ್ಟ್ ಅನ್ನುತ್ತಾರೆ. ಬೆಳಗಿನ ತಿಂಡಿ, ಊರು ಸುತ್ತುವುದು, ಗುಂಪು ಕಟ್ಟಿಕೊಂಡು ಒಂದೊಂದು ಜಾಗದಲ್ಲಿ ಒಂದೊಂದು ಆಟ, ರಾತ್ರಿ ಪಬ್ಬಿನಿಂದ ಪಬ್ಬಿಗೆ ನಡಿಗೆ. ವೀಸಾ ತಡವಾಗಿ ನಮ್ಮವರಲ್ಲಿ ಎಷ್ಟೋ ಜನ ಇದನ್ನು ತಪ್ಪಿಸಿಕೊಳ್ಳುತ್ತಾರೆ. ಸಮಯಕ್ಕೆ ಬಂದವರೂ "ಅದು ಬ್ಯಾಚುಲರ್ ಮಕ್ಕಳಿಗೆ" ಅಂತ ರೂಮಿನಲ್ಲಿ ಉಳಿಯುತ್ತಾರೆ. ಮಾಸ್ಟರ್ಸ್‌ನವರಿಗೂ ಇದೆ. ಹೋಗಿ. ಅಲ್ಲಿ ಸಿಕ್ಕವರೆಲ್ಲ ಸ್ನೇಹಿತರಾಗುವುದಿಲ್ಲ. ಆದರೆ ಯಾವ ಕೋಣೆಯಲ್ಲಿ ಯಾರು ಕೂರುತ್ತಾರೆ, ಯಾವ ಮೇಲಿಂಗ್ ಲಿಸ್ಟಿಗೆ ಸೇರಬೇಕು ಅನ್ನುವುದು ತಿಳಿಯುತ್ತದೆ. ಇಲ್ಲಿ ಬಹುತೇಕ ಸುದ್ದಿ ಇನ್ನೂ ಇಮೇಲಿನಲ್ಲೇ ಓಡಾಡುತ್ತದೆ. ಯೂನಿವರ್ಸಿಟಿಯ ಇಮೇಲನ್ನು ಫೋನಿಗೆ ಹಾಕಿಕೊಳ್ಳಿ.

ಆರ್‌ಡಬ್ಲ್ಯುಟಿಎಚ್‌ನಲ್ಲಿ ಬಿಬಡಿ ಅನ್ನುವ ಕಾರ್ಯಕ್ರಮ ಇದೆ. ಹೊಸದಾಗಿ ಬಂದ ವಿದೇಶಿ ವಿದ್ಯಾರ್ಥಿಗೆ ಒಬ್ಬ ಹಳಬರನ್ನು 'ಬಡಿ', ಅಂದರೆ ಜೊತೆಗಾರ, ಅಂತ ಜೋಡಿ ಮಾಡುತ್ತಾರೆ. ಬೇರೆ ಊರಿನ ಯೂನಿವರ್ಸಿಟಿಗಳಲ್ಲೂ ಬೇರೆ ಹೆಸರಿನಲ್ಲಿ ಇಂಥದ್ದು ಇರುತ್ತದೆ. ಭಾರತದಲ್ಲಿದ್ದಾಗಲೇ ಅರ್ಜಿ ಹಾಕಿ. ನಿಮಗೆ ಸಿಕ್ಕ ಬಡಿ ಒಮ್ಮೆ ಕಾಫಿ ಕುಡಿದು ಮಾಯವಾಗಲೂಬಹುದು. ಬೇಜಾರು ಮಾಡಿಕೊಳ್ಳಬೇಡಿ. ಎರಡನೇ ಸೆಮಿಸ್ಟರಿನಲ್ಲಿ ನೀವೇ ಬಡಿಯಾಗಿ. ಆಗ ನೋಡಿ ಪರಿಚಯ ಹೇಗೆ ಬೆಳೆಯುತ್ತದೆ ಅಂತ.

ಒಂದು ಎಚ್ಚರಿಕೆ. ವಿದೇಶಿ ವಿದ್ಯಾರ್ಥಿಗಳಿಗೆಂದೇ ಮಾಡುವ ಸಂಜೆ ಕೂಟಗಳು ವಾರಕ್ಕೊಂದು ಇರುತ್ತವೆ. "ಯಾವ ದೇಶ? ಏನು ಓದ್ತಿದ್ದೀರಿ?" ಅಂತ ಇಪ್ಪತ್ತು ಜನರ ಹತ್ತಿರ ಅದೇ ಮಾತು. ಒಂದೆರಡು ಸಲ ಚೆನ್ನಾಗಿರುತ್ತದೆ. ಆದರೆ ಎರಾಸ್ಮಸ್ ಅನ್ನುವ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಬಂದವರು ಒಂದೋ ಎರಡೋ ಸೆಮಿಸ್ಟರಿಗೆ ಊರಿಗೆ ವಾಪಸ್. ಅಲ್ಲಿ ಕಟ್ಟಿಕೊಂಡ ಸ್ನೇಹ ಪ್ರತಿ ಮಾರ್ಚಿನಲ್ಲಿ ಬಿಚ್ಚಿಹೋಗುತ್ತದೆ. ನಿಮ್ಮ ಸಂಜೆಗಳನ್ನೆಲ್ಲ ಅದಕ್ಕೇ ಕೊಡಬೇಡಿ.

ಮೈಗೊಂದು, ಕೈಗೊಂದು

ನಾನು ಹೊಸಬರಿಗೆ ಹೇಳುವ ಲೆಕ್ಕ ಇಷ್ಟೇ. ಮೈಗೆ ಒಂದು ಆಟ, ಕೈಗೆ ಒಂದು ಕೆಲಸ. ಎರಡೂ ವಾರದ ನಿಗದಿತ ದಿನ ನಿಗದಿತ ಹೊತ್ತಿಗೆ. ಮೂರನೆಯದು ಬೇಡ. ಅಕ್ಟೋಬರ್ ಉತ್ಸಾಹದಲ್ಲಿ ಐದು ಕಡೆ ಹೆಸರು ಬರೆಸಿ, ನವೆಂಬರಿನಲ್ಲಿ ಐದನ್ನೂ ಬಿಟ್ಟವರು ಎಷ್ಟೋ ಜನ.

ನವೆಂಬರ್ ಅಂದೆನಲ್ಲ, ಅದರ ಬಗ್ಗೆ ಗೊತ್ತಿರಲಿ. ಡಿಸೆಂಬರ್ ಹೊತ್ತಿಗೆ ಆಖೆನ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಸದಾ ಜಿಟಿಜಿಟಿ ಮಳೆ. ನಮ್ಮ ಮಲೆನಾಡಿನವರಿಗೆ ಮಳೆ ಹೊಸದಲ್ಲ, ಆದರೆ ನಾಲ್ಕೂವರೆಯ ಕತ್ತಲೆ ಹೊಸದು. ರೂಮಿಗೆ ಬಂದು ಹೊದ್ದುಕೊಂಡರೆ ಮತ್ತೆ ಏಳಲು ಮನಸ್ಸು ಬರುವುದಿಲ್ಲ. ಏಳಲೇಬೇಕಾದ ಕಾರಣವನ್ನು ಅಕ್ಟೋಬರಿನಲ್ಲೇ ಮಾಡಿಟ್ಟುಕೊಳ್ಳಿ. ಅದಕ್ಕೇ ನಿಗದಿತ ದಿನ ಅಂದಿದ್ದು.

ಆಟಕ್ಕೆ ಪ್ರತಿ ಯೂನಿವರ್ಸಿಟಿಯಲ್ಲೂ ಹೋಖ್‌ಶೂಲ್‌ಶ್ಪೋರ್ಟ್ ಅನ್ನುವ ವಿಭಾಗ ಇರುತ್ತದೆ. ಬ್ಯಾಡ್ಮಿಂಟನ್, ಈಜು, ಗೋಡೆ ಹತ್ತುವುದು, ಸಾಲ್ಸಾ, ಯೋಗ, ನೀವು ಹೆಸರೇ ಕೇಳಿರದ ಆಟಗಳು. ಹೊರಗಿನ ಜಿಮ್ಮಿಗೆ ಹೋಲಿಸಿದರೆ ಶುಲ್ಕ ತೀರಾ ಕಡಿಮೆ. ಒಂದೇ ತೊಂದರೆ, ನೋಂದಣಿ. ಇಂಥ ದಿನ ಇಷ್ಟು ಗಂಟೆಗೆ ಆನ್‌ಲೈನಿನಲ್ಲಿ ತೆರೆಯುತ್ತದೆ ಅಂತ ಮೊದಲೇ ಹಾಕಿರುತ್ತಾರೆ. ಬ್ಯಾಡ್ಮಿಂಟನ್, ಈಜಿನಂಥವು ನಿಮಿಷಗಳಲ್ಲಿ ಭರ್ತಿ. ತತ್ಕಾಲ್ ಟಿಕೆಟ್ ಮಾಡಿದ ಅನುಭವ ಇಲ್ಲಿ ಕೈಹಿಡಿಯುತ್ತದೆ. ಐಬಾನ್ ಅಂದರೆ ಬ್ಯಾಂಕ್ ಖಾತೆಯ ನಂಬರು, ವಿದ್ಯಾರ್ಥಿ ನಂಬರು ಎದುರಿಗಿಟ್ಟುಕೊಂಡು ಐದು ನಿಮಿಷ ಮೊದಲೇ ಕೂತಿರಿ.

ಇನ್ನೊಂದು ವಿಷಯ. ಒಳಾಂಗಣ ಹಾಲಿಗೆ ಬೀದಿಯ ಶೂ ಹಾಕಿಕೊಂಡು ಹೋಗುವಂತಿಲ್ಲ. ನೆಲದ ಮೇಲೆ ಗೆರೆ ಬೀಳಿಸದ ಅಡಿಯಿರುವ, ಹಾಲಿಗೆ ಮಾತ್ರ ಮೀಸಲಾದ ಶೂ ಬೇಕು. ಬಾಗಿಲಲ್ಲೇ ಕಾಲು ನೋಡುತ್ತಾರೆ. ಊರಿಂದ ಬರುವಾಗಲೇ ಒಂದು ಜೊತೆ ತಂದರೆ ದುಡ್ಡು ಉಳಿಯುತ್ತದೆ.

ಕೋರ್ಸುಗಳಿಗೆ ಹಂತಗಳಿರುತ್ತವೆ. ಜರ್ಮನರು ತಮ್ಮ ಆಟವನ್ನು ಕಡಿಮೆ ಮಾಡಿ ಹೇಳುತ್ತಾರೆ. "ಸ್ವಲ್ಪ ಆಡ್ತೀನಿ" ಅಂದ ಹುಡುಗಿ ಹತ್ತು ವರ್ಷ ಕ್ಲಬ್ಬಿನಲ್ಲಿ ಆಡಿರುತ್ತಾಳೆ. ಶುರುವಿಗೆ ಕೆಳಗಿನ ಹಂತವೇ ಲೇಸು. ಆಟ ಮುಗಿದ ಮೇಲೆ ನೆಟ್ ಬಿಚ್ಚುವುದು, ಕಂಬ ಸಾಗಿಸುವುದು ಎಲ್ಲರ ಕೆಲಸ. ಆ ಹತ್ತು ನಿಮಿಷದಲ್ಲಿ ತಪ್ಪಿಸಿಕೊಂಡು ಸ್ನಾನಕ್ಕೆ ಓಡಬೇಡಿ. ಮಾತು ಶುರುವಾಗುವುದೇ ಅಲ್ಲಿ. ಬೇಸಿಗೆಯಲ್ಲಿ ಲೌಸ್‌ಬೆರ್ಗ್ ಗುಡ್ಡದ ಸುತ್ತ 5,555 ಮೀಟರಿನ ಓಟ ನಡೆಯುತ್ತದೆ. ಓಡಲು ಆಗದಿದ್ದರೆ ನೀರಿನ ಮೇಜಿಗೆ ನಿಲ್ಲುತ್ತೇನೆ ಅಂತ ಹೇಳಿ ನೋಡಿ.

ಹಾಸ್ಟೆಲ್ಲಿನ ಬಾರು

ಕೈಕೆಲಸ ಅಂತ ನಾನು ಹಿಡಿದದ್ದು ಹಾಸ್ಟೆಲ್ಲಿನ ಬಾರು. ಹೌದು, ಬಾರು. ಇಲ್ಲಿ ಎಷ್ಟೋ ವಿದ್ಯಾರ್ಥಿ ಹಾಸ್ಟೆಲ್ಲುಗಳ ನೆಲಮಾಳಿಗೆಯಲ್ಲಿ ಅಲ್ಲಿ ಇರುವವರೇ ನಡೆಸುವ ಒಂದು ಬಾರು ಇರುತ್ತದೆ. ವಾರಕ್ಕೆ ಒಂದೋ ಎರಡೋ ದಿನ ತೆಗೆಯುತ್ತಾರೆ. ಹಳೇ ಸೋಫಾ, ಮೇಜಿನ ಫುಟ್‌ಬಾಲ್, ಒಂದು ದೊಡ್ಡ ಫ್ರಿಜ್ಜು. ನಾನು ಕುಡಿಯುವುದಿಲ್ಲ, ಮಾಂಸವನ್ನೂ ತಿನ್ನುವುದಿಲ್ಲ. ಕೌಂಟರಿನ ಹಿಂದೆ ನಿಲ್ಲುವವರಿಗೆ ಕುಡಿಯದಿರುವುದೇ ಅರ್ಹತೆ. ರಾತ್ರಿ ಒಂದು ಗಂಟೆಗೆ ಗಲ್ಲಾ ಲೆಕ್ಕ ಸರಿಯಾಗಿ ಬರುತ್ತದೆ.

ಮನೆಗೆ ಹೇಳಿದಾಗ ಅಪ್ಪ ಹೇಳಿದ್ದು: "ಬ್ಯಾಂಕ್ ಸಾಲ ಮಾಡಿ ಕಳಿಸಿದ್ದು ಬಾರಲ್ಲಿ ನಿಲ್ಲೋಕಾ ಮಗಳೇ?" ನಾನು ವಿಡಿಯೋ ಕಾಲಿನಲ್ಲೇ ಕೌಂಟರು ತೋರಿಸಿದೆ. ಅಮ್ಮನ ಚಿಂತೆಯೇ ಬೇರೆ. "ಇಷ್ಟೊಂದು ಬಾಟ್ಲಿ ಯಾರೇ ತೊಳೀತಾರೆ?"

ಯಾರೂ ತೊಳೆಯುವುದಿಲ್ಲ, ಖಾಲಿ ಬಾಟಲಿ ಅಂಗಡಿಗೇ ವಾಪಸ್. ಅದೇ ಅಲ್ಲಿ ಕಲಿತ ಮೊದಲ ಪಾಠ. ಬಿಯರ್ ಬಾಟಲಿಗೆ 8 ಸೆಂಟ್ ಠೇವಣಿ, ಖಾಲಿ ಕ್ರೇಟಿಗೆ ಒಂದೂವರೆ ಯೂರೋ. 20 ಖಾಲಿ ಬಾಟಲಿ ಜೋಡಿಸಿದ ಕ್ರೇಟ್ ವಾಪಸ್ ಕೊಟ್ಟರೆ 3 ಯೂರೋ 10 ಸೆಂಟ್. ಒಂದು ಬಾಟಲಿ ಕಳೆದರೂ ಲೆಕ್ಕ ತಪ್ಪುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಎಡಗಡೆ ಹೆಸರು, ಬಲಗಡೆ ಗೀಟು. ಒಂದು ಬಾಟಲಿ ತೆಗೆದರೆ ಒಂದು ಗೀಟು, ಐದನೆಯದನ್ನು ಅಡ್ಡ ಎಳೆಯಬೇಕು. ತಿಂಗಳ ಕೊನೆಯಲ್ಲಿ ಗೀಟು ಎಣಿಸಿ ದುಡ್ಡು. ಕ್ಯಾಮೆರಾ ಇಲ್ಲ, ಬೀಗ ಇಲ್ಲ. ನಮ್ಮ ಕಡೆ ಹಳ್ಳಿ ಅಂಗಡಿಯ ಉದ್ರಿ ಪುಸ್ತಕ ಅಂಗಡಿಯವನ ಕೈಯಲ್ಲಿರುತ್ತದೆ. ಇಲ್ಲಿ ಕುಡಿದವನೇ ಬರೆದುಕೊಳ್ಳುತ್ತಾನೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬಂತು ಅಂದರೆ, ಆಪಲ್ ಜ್ಯೂಸಿಗೆ ಸೋಡಾ ಬೆರೆಸಿದ್ದನ್ನೇ ಕುಡಿದರೂ, ನೀವು ಆ ಮನೆಯವರು.

ನನ್ನ ಜೊತೆ ಪಾಳಿಗೆ ನಿಲ್ಲುತ್ತಿದ್ದ ಹುಡುಗ ಮೊದಲ ದಿನ ಮಾತೇ ಆಡಲಿಲ್ಲ. ಚಿಲ್ಲರೆಯನ್ನು ಹತ್ತು ಹತ್ತರಂತೆ ಗೋಪುರ ಮಾಡಿ ಜೋಡಿಸುವುದನ್ನು ತೋರಿಸಿದ, ಅಷ್ಟೇ. ಮೂರ್ನಾಲ್ಕು ವಾರವಾದ ಮೇಲೆ ಅವನೇ ಕೇಳಿದ, ಭಾನುವಾರ ಗುಡ್ಡ ಹತ್ತಲು ಹೋಗುತ್ತಿದ್ದೇವೆ, ಬರುತ್ತೀಯಾ ಅಂತ. ಹೋದದ್ದು ಫಾಲ್ಸರ್‌ಬೆರ್ಗ್‌ಗೆ. ಜರ್ಮನಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮೂರೂ ಕೂಡುವ ಜಾಗ. 322 ಮೀಟರ್. ಯುರೋಪಿನಲ್ಲಿರುವ ನೆದರ್‌ಲ್ಯಾಂಡ್ಸ್‌ಗೆ ಅದೇ ಅತಿ ಎತ್ತರದ ತುದಿ ಅಂತ ಅವನು ಗಂಭೀರವಾಗಿ ಹೇಳಿದಾಗ ಚಿತ್ರದುರ್ಗದ ಕೋಟೆ ನೆನಪಾಗಿ ನಗು ತಡೆದುಕೊಂಡೆ. ಜರ್ಮನರ ಜೊತೆ ಸ್ನೇಹ ಹೀಗೇ. ಮಾತಿನಿಂದ ಕೆಲಸಕ್ಕೆ ಹೋಗುವುದಿಲ್ಲ, ಕೆಲಸದಿಂದ ಮಾತಿಗೆ ಬರುತ್ತದೆ. ಭಾಷೆ ಬರದವರಿಗೆ ಇದು ಅನುಕೂಲವೇ. ಕ್ರೇಟ್ ಎತ್ತಲು ಜರ್ಮನ್ ಭಾಷೆಯ ಬಿ1 ಹಂತದ ಸರ್ಟಿಫಿಕೇಟ್ ಬೇಕಾಗಿಲ್ಲ. ಎತ್ತುತ್ತಾ ಎತ್ತುತ್ತಾ ಭಾಷೆಯೂ ಬರುತ್ತದೆ. ಕ್ಲಾಸಿನಲ್ಲಿ ಕಲಿತ ಜರ್ಮನ್‌ಗಿಂತ ನನಗೆ ಕೌಂಟರಿನ ಜರ್ಮನ್ನೇ ಇಂಟರ್‌ವ್ಯೂನಲ್ಲಿ ಜಾಸ್ತಿ ಉಪಯೋಗಕ್ಕೆ ಬಂತು.

ಬಾರು ಬೇಡ ಅನ್ನುವವರಿಗೆ ಬೇರೆ ಕೆಲಸ ಬೇಕಾದಷ್ಟಿವೆ. ಆಖೆನ್‌ನಲ್ಲಿ ವಿದ್ಯಾರ್ಥಿಗಳ ರೇಡಿಯೋ ಇದೆ, ಎಫ್‌ಎಂ 99.1. ವಿದ್ಯಾರ್ಥಿಗಳೇ ನಡೆಸುವ ಸಿನಿಮಾ ಇದೆ, ಯೂನಿವರ್ಸಿಟಿಯ ಹಾಲಿನಲ್ಲಿ ತೋರಿಸುತ್ತಾರೆ. ಟಿಕೆಟ್ ಹರಿಯಲು ಜನ ಬೇಕೇ ಬೇಕು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಚರ್ಚುಗಳ ವಿದ್ಯಾರ್ಥಿ ಕೇಂದ್ರಗಳಲ್ಲಿ ಎಲ್ಲರೂ ಸೇರಿ ಅಡುಗೆ ಮಾಡುವ ಸಂಜೆಗಳಿರುತ್ತವೆ. ಯಾವ ಧರ್ಮದವರಾದರೂ ಹೋಗಬಹುದು, ಯಾರೂ ಮತಾಂತರದ ಮಾತೆತ್ತುವುದಿಲ್ಲ. ದುಡ್ಡಿನ ತೀರಾ ಕಷ್ಟದಲ್ಲಿರುವ ವಿದೇಶಿ ವಿದ್ಯಾರ್ಥಿಗಳಿಗೆ ಅವರಲ್ಲಿ ಸಹಾಯದ ಹಣವೂ ಇರುತ್ತದೆ ಅನ್ನುವುದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ.

ಫಾಖ್‌ಶಾಫ್ಟ್ ಮತ್ತು ರೇಸ್ ಕಾರು

ಫಾಖ್‌ಶಾಫ್ಟಿನ ಕೋಣೆಗೆ ನಮ್ಮವರು ಹೋಗುವುದು ಒಂದೇ ಕಾರಣಕ್ಕೆ, ಹಳೇ ಪ್ರಶ್ನೆಪತ್ರಿಕೆ. ತಗೊಂಡು ಬಾಗಿಲಿಂದಲೇ ವಾಪಸ್. ವಾರಕ್ಕೊಮ್ಮೆ ಅಲ್ಲೇ ಸಭೆ ನಡೆಯುತ್ತದೆ, ಸಾಮಾನ್ಯವಾಗಿ ಯಾರು ಬೇಕಾದರೂ ಕೂರಬಹುದು. ಸಭೆ ಜರ್ಮನ್‌ನಲ್ಲಿ, ಶುರುವಿನಲ್ಲಿ ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಪರವಾಗಿಲ್ಲ, ಕೂತಿರಿ. ಹೊಸ ವಿದೇಶಿ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಮಾಹಿತಿ ಬರೆಯಲು, ಅವರನ್ನು ಊರು ಸುತ್ತಿಸಲು ಅವರಿಗೆ ಜನ ಸಿಗುವುದಿಲ್ಲ. "ಅದನ್ನು ನಾನು ಮಾಡ್ತೀನಿ" ಅಂದರೆ ಸಾಕು. ಚಳಿಗಾಲದಲ್ಲಿ ವಾಫಲ್ ಸುಟ್ಟು ಮಾರುವುದಂತೂ ಇದ್ದೇ ಇರುತ್ತದೆ. ದೋಸೆ ಹುಯ್ದು ಬೆಳೆದ ಕೈಗೆ ಅದೇನು ದೊಡ್ಡ ಕೆಲಸ?

ಇದರ ಮೇಲಿನದು ಆಸ್ಟಾ, ಅಂದರೆ ಇಡೀ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಕಾರ್ಯಕಾರಿ ಮಂಡಳಿ. ಸೆಮಿಸ್ಟರ್ ಶುಲ್ಕದಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತದೆ. ಹಾಗಾಗಿ ವೋಟು ನಿಮಗೂ ಇದೆ, ನಿಲ್ಲುವ ಹಕ್ಕೂ ಇದೆ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವುದಿಲ್ಲ. ಮನೆ ಮಾಲೀಕರ ಜೊತೆ ತಕರಾರಾದರೆ ಅಲ್ಲಿ ಕಾನೂನು ಸಲಹೆ ಸಿಗುತ್ತದೆ. ಚುನಾವಣೆ ಬಂದಾಗ ವೋಟು ಹಾಕಿ.

ಎಂಜಿನಿಯರಿಂಗಿನವರಿಗೆ ನಿಜವಾದ ಸೆಳೆತ ವಿದ್ಯಾರ್ಥಿ ತಂಡಗಳು. ಆಖೆನ್‌ನ ಎಕ್ಯುರಿ ಎಕ್ಸ್ ತಂಡ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ರೇಸ್ ಕಾರು ಕಟ್ಟುತ್ತದೆ. ಜರ್ಮನಿಯ ಸ್ಪರ್ಧೆ ಆಗಸ್ಟಿನಲ್ಲಿ ಹಾಕನ್‌ಹೈಮ್ ಟ್ರ್ಯಾಕಿನಲ್ಲಿ. ಸೋನನ್‌ವಾಗನ್ ತಂಡ ಸೌರ ಕಾರು ಕಟ್ಟಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ 3,000 ಕಿಲೋಮೀಟರ್ ಸ್ಪರ್ಧೆಗೆ 2017ರಿಂದ ಹೋಗುತ್ತಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಫ್‌ವಿಎ. 1920ರಲ್ಲಿ ಶುರುವಾದ ಗ್ಲೈಡರ್ ಕಟ್ಟುವ ಸಂಘ. ಅವರ ಮೊದಲ ಗ್ಲೈಡರಿನ ಹೆಸರು 'ಕರಿ ದೆವ್ವ'. ನೂರು ವರ್ಷವಾದರೂ ಇನ್ನೂ ಕಟ್ಟುತ್ತಿದ್ದಾರೆ. ಇಂಥ ಸಂಘಗಳ ನಿಯಮ ಸರಳ. ಹಾರಬೇಕಾದರೆ ಮೊದಲು ವರ್ಕ್‌ಶಾಪಿನಲ್ಲಿ ಉಜ್ಜು ಕಾಗದ ಹಿಡಿ.

ಈ ತಂಡಗಳು ಸೆಮಿಸ್ಟರಿನ ಶುರುವಿನಲ್ಲಿ, ಅಂದರೆ ಅಕ್ಟೋಬರ್ ಮತ್ತು ಏಪ್ರಿಲ್‌ನಲ್ಲಿ, ಹೊಸಬರಿಗೆ ಮಾಹಿತಿ ಸಂಜೆ ಇಡುತ್ತವೆ. ಹೋಗುವಾಗ ರೆಸ್ಯೂಮೆ ಹಿಡಿದುಕೊಂಡು ಹೋಗುವುದಕ್ಕಿಂತ ನಿಮಗೆ ಏನು ಬರುತ್ತದೆ ಅಂತ ಒಂದೇ ವಾಕ್ಯದಲ್ಲಿ ಹೇಳಲು ತಯಾರಾಗಿ. "ಕ್ಯಾಟಿಯಾ ಸಾಫ್ಟ್‌ವೇರಿನಲ್ಲಿ ಡಿಸೈನ್ ಮಾಡೋಕೆ ಬರುತ್ತೆ", "ಲೇಥ್ ಓಡಿಸಿದ್ದೀನಿ", "ಸ್ಪಾನ್ಸರ್‌ಗಳಿಗೆ ಮೇಲ್ ಬರೀತೀನಿ". ಒಂದು ಮಾತು ಮರೆಯಬೇಡಿ. ಈ ಕೆಲಸ ನಿಮ್ಮ ವಾರವನ್ನೇ ನುಂಗುತ್ತದೆ. ಪರೀಕ್ಷೆಗಳು ಕ್ಲಾಸು ಮುಗಿದ ಮೇಲೆ, ಫೆಬ್ರುವರಿ ಮಾರ್ಚಿನಲ್ಲಿ ಮತ್ತು ಜುಲೈನಿಂದ ಸೆಪ್ಟೆಂಬರ್‌ವರೆಗೆ ಚದುರಿ ಬರುತ್ತವೆ. ಕಾರಿನ ಕೆಲಸವೂ ಆಗಲೇ ಏರುತ್ತದೆ. ಮೊದಲ ಸೆಮಿಸ್ಟರ್ ಪಾಸಾಗಿ, ಎರಡನೆಯದರಲ್ಲಿ ಸೇರಿ ಅನ್ನುವುದು ನನ್ನ ಸಲಹೆ.

ಬರುತ್ತೀನಿ ಅಂದರೆ ಬರಬೇಕು

ನಮ್ಮಲ್ಲಿ "ನೋಡೋಣ, ಬರ್ತೀನಿ" ಅಂದರೆ ಅರ್ಥ ಎಲ್ಲರಿಗೂ ಗೊತ್ತು. ಇಲ್ಲಿ ಅದನ್ನು ನಂಬಿಬಿಡುತ್ತಾರೆ. ಎಂಟು ಜನ ಅಂತ ಎಣಿಸಿ ಎಂಟು ತಟ್ಟೆಯ ಅಡುಗೆ ಮಾಡುತ್ತಾರೆ. ಮೂರು ವಾರ ಮೊದಲೇ ಆನ್‌ಲೈನ್ ಪಟ್ಟಿ ಕಳಿಸಿ ಯಾವ ದಿನ ಆಗುತ್ತದೆ ಅಂತ ಕೇಳುತ್ತಾರೆ. ತುಂಬಿಸಿ. ಬರಲಾಗದಿದ್ದರೆ ಒಂದು ಸಾಲು ಬರೆಯಿರಿ, ಕಾರಣ ಬೇಕಿಲ್ಲ. ಹೇಳದೆ ತಪ್ಪಿಸಿಕೊಂಡರೆ ಯಾರೂ ಬೈಯುವುದಿಲ್ಲ, ಮುಂದಿನ ಸಲ ಕೇಳುವುದಿಲ್ಲ ಅಷ್ಟೇ. ಸಮಯದ ಪಕ್ಕ ಸಿ.ಟಿ. ಅಂತ ಇದ್ದರೆ ಕಾಲು ಗಂಟೆ ತಡವಾಗಿ ಶುರು ಅಂತ ಲೆಕ್ಕ. 19 ಸಿ.ಟಿ. ಅಂದರೆ ಏಳೂಕಾಲು. ಎಸ್.ಟಿ. ಅಂದರೆ ಸರಿಯಾಗಿ ಏಳು.

ಊಟದ ವಿಷಯ. ಬೇಸಿಗೆಯ ಕೂಟಗಳೆಲ್ಲ ಗ್ರಿಲ್ಲು, ಒಬ್ಬೊಬ್ಬರು ಒಂದೊಂದು ತರಬೇಕು. ಸಸ್ಯಾಹಾರಿ ಅಂತ ಮುಜುಗರ ಬೇಡ, ಜರ್ಮನ್ ವಿದ್ಯಾರ್ಥಿಗಳಲ್ಲೂ ಸಸ್ಯಾಹಾರಿಗಳು, ವೀಗನ್‌ಗಳು ಬೇಕಾದಷ್ಟಿದ್ದಾರೆ. ಸುಡುವ ಚೀಸ್ ಅಂತಲೇ ಅಂಗಡಿಯಲ್ಲಿ ಸಿಗುತ್ತದೆ, ನಿಮ್ಮದನ್ನು ಬೇರೆ ತಟ್ಟೆಯ ಮೇಲೆ ಸುಡಲು ಹೇಳಿ. ತರುವ ಪಟ್ಟಿಯಲ್ಲಿ ಸಲಾಡ್ ಅಂತ ಬರೆದು ಕೋಸಂಬರಿ ಒಯ್ಯಿರಿ. ಹೆಸರುಬೇಳೆ ಏಷ್ಯನ್ ಅಂಗಡಿಯಲ್ಲಿ, ಸೌತೆಕಾಯಿ ಎಲ್ಲಾದರೂ. ಅವರ ಪಾಸ್ತಾ ಸಲಾಡಿನ ಬಟ್ಟಲುಗಳ ಮಧ್ಯೆ ಅದೇ ಮೊದಲು ಖಾಲಿಯಾಗುತ್ತದೆ. ಚಿತ್ರಾನ್ನ ಒಯ್ದರೆ ಒಂದು ಕೆಲಸ ಖಂಡಿತ ಮಾಡಿ. ಪಾತ್ರೆಯ ಮುಂದೆ ಒಂದು ಚೀಟಿ ಇಡಿ, ಏನೇನಿದೆ ಅಂತ. ಯುರೋಪಿನಲ್ಲಿ ಅಲರ್ಜಿ ಎಂದು ಘೋಷಿಸಬೇಕಾದ 14 ಪದಾರ್ಥಗಳ ಪಟ್ಟಿ ಇದೆ. ಅದರಲ್ಲಿ ಕಡಲೆಕಾಯಿ ಇದೆ. ಸಾಸಿವೆಯೂ ಇದೆ! ನಮ್ಮ ಒಗ್ಗರಣೆಯೇ ಪಟ್ಟಿಯಲ್ಲಿದೆ ಅನ್ನಿ. ಡಬ್ಬಿಯ ಇಂಗಿಗೆ ಎಷ್ಟೋ ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ, ಗ್ಲುಟನ್ ಆಗದವರಿಗೆ ಅದೂ ಅಪಾಯ. ಡಬ್ಬಿ ತಿರುಗಿಸಿ ಓದಿ ಚೀಟಿಯಲ್ಲಿ ಬರೆಯಿರಿ. ಚೀಟಿ ನೋಡಿ ಜನ ಕೇಳುತ್ತಾರೆ, ಮಾತು ತಾನಾಗಿ ಶುರುವಾಗುತ್ತದೆ.

ಕುಡಿಯದವರಿಗೆ ಒಂದೇ ಮಾತು. "ಬೇಡ, ಥ್ಯಾಂಕ್ಸ್" ಅಂದರೆ ಅಲ್ಲಿಗೆ ಮುಗಿಯಿತು, ಬಲವಂತ ಮಾಡುವವರು ಅಪರೂಪ. ಆದರೆ ಗ್ಲಾಸು ತಾಗಿಸುವಾಗ ಎದುರಿನವರ ಕಣ್ಣು ನೋಡಿ, ಒಳಗೆ ನೀರಿದ್ದರೂ ಸರಿ.

ನಮ್ಮವರು

ಭಾರತೀಯರ ವಾಟ್ಸಾಪ್ ಗುಂಪು ಬೇಕು. ಮನೆ ಹುಡುಕಲು, ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಲು, ಯಾವ ಅಂಗಡಿಯಲ್ಲಿ ಸೋನಾ ಮಸೂರಿ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕನ್ನಡ ಸಂಘಗಳೂ ಇವೆ. ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡ ಕೂಟ. ಆಖೆನ್‌ನಿಂದ ಲೋಕಲ್ ರೈಲುಗಳಲ್ಲಿ ಫ್ರಾಂಕ್‌ಫರ್ಟ್‌ಗೆ ನಾಲ್ಕೈದು ಗಂಟೆ. ಸೆಮಿಸ್ಟರ್ ಶುಲ್ಕದಲ್ಲೇ ದೇಶದ ಎಲ್ಲ ಲೋಕಲ್ ರೈಲಿಗೂ ನಡೆಯುವ ಟಿಕೆಟ್ ಸೇರಿದ್ದರೆ ಬೇರೆ ಖರ್ಚಿಲ್ಲ. ರಾಜ್ಯೋತ್ಸವಕ್ಕೋ ಯುಗಾದಿಗೋ ಒಮ್ಮೆ ಹೋಗಿ ಬನ್ನಿ. ಅಲ್ಲೂ ನನ್ನ ಮಾತು ಅದೇ. ಬಾಳೆಎಲೆ ಮುಂದೆ ಕೂರುವ ಮೊದಲು ಕುರ್ಚಿ ಜೋಡಿಸಲು ಒಂದು ಗಂಟೆ ಮುಂಚೆ ಹೋಗಿ. ಕುರ್ಚಿ ಜೋಡಿಸುವವರಲ್ಲಿ ಹತ್ತು ಹದಿನೈದು ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿರುವವರು ಇರುತ್ತಾರೆ. ಥೀಸಿಸ್‌ಗೆ ಕಂಪನಿ ಹುಡುಕುವಾಗ ನೆನಪಾಗುವುದು ಅವರೇ.

ಕಾಗದ ಪತ್ರ

ಸಂಬಳವಿಲ್ಲದ ಸಂಘದ ಕೆಲಸಕ್ಕೆ ವೀಸಾದ ಲೆಕ್ಕ ತಾಗುವುದಿಲ್ಲ. ದುಡ್ಡು ಬಂದರೆ ತಾಗಬಹುದು. 2024ರ ಮಾರ್ಚಿನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಅದಕ್ಕೂ ಮೊದಲು 120 ಮತ್ತು 240 ಇತ್ತು. ಯೂನಿವರ್ಸಿಟಿಯೊಳಗಿನ ಹಿವಿ ಕೆಲಸ, ಅಂದರೆ ಪ್ರೊಫೆಸರರ ವಿಭಾಗದಲ್ಲಿ ವಿದ್ಯಾರ್ಥಿ ಸಹಾಯಕನ ಕೆಲಸ, ಈ ಮಿತಿಗೆ ಬರುವುದಿಲ್ಲ. ಸ್ವಂತ ಬಿಲ್ ಬರೆದು ದುಡ್ಡು ಪಡೆಯುವ ಕೆಲಸಕ್ಕೆ ಬೇರೆ ಅನುಮತಿ ಬೇಕು. ಯಾರಾದರೂ ಫೋಟೋ ತೆಗೆದುಕೊಡು, ಕೈಗೆ ದುಡ್ಡು ಕೊಡ್ತೀನಿ ಅಂದರೆ ಒಪ್ಪಬೇಡಿ.

ಸಂಘದ ಕೀಲಿಕೈ ನಿಮ್ಮ ಕೈಗೆ ಬರುವ ಮೊದಲು ಹೊಣೆಗಾರಿಕೆ ವಿಮೆ, ಅಂದರೆ ನಿಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ವಿಮೆ, ಮಾಡಿಸಿ. ತಿಂಗಳಿಗೆ ಕೆಲವೇ ಯೂರೋ. ಇಲ್ಲಿ ಒಂದು ಮಾಸ್ಟರ್ ಕೀ ಕಳೆದರೆ ಇಡೀ ಕಟ್ಟಡದ ಬೀಗಗಳನ್ನೇ ಬದಲಿಸಬೇಕಾಗಬಹುದು. ಆ ಬಿಲ್ಲು ಕಳೆದವರ ಹೆಸರಿಗೆ. ವಿಮೆ ತಗೊಳ್ಳುವಾಗ ಸಂಘದ ಕೀಲಿಯೂ ಸೇರುತ್ತದೆಯಾ ಅಂತ ಕೇಳಿ.

ಈ ಕೆಲಸಗಳಿಂದ ಮಾರ್ಕ್ಸ್ ಬರುವುದಿಲ್ಲ, ಆದರೆ ಸ್ಕಾಲರ್‌ಶಿಪ್ ಬರಬಹುದು. ಡಾಯ್ಚ್‌ಲಾಂಡ್ ಸ್ಟಿಪೆಂಡಿಯಂ 2011ರಲ್ಲಿ ಶುರುವಾಯಿತು. ತಿಂಗಳಿಗೆ 300 ಯೂರೋ, ಅರ್ಧ ಸರ್ಕಾರದ್ದು, ಅರ್ಧ ಖಾಸಗಿಯವರದ್ದು. ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಅಂಕದ ಜೊತೆ ಸಂಘದ ಕೆಲಸವನ್ನೂ ನೋಡುತ್ತಾರೆ. ವಿದ್ಯಾರ್ಥಿ ವಿನಿಮಯ ನೋಡಿಕೊಳ್ಳುವ ಜರ್ಮನಿಯ ಡಾಡ್ (DAAD) ಸಂಸ್ಥೆಯ ಹಣದಲ್ಲಿ ಯೂನಿವರ್ಸಿಟಿಗಳು ಪ್ರತಿ ವರ್ಷ ಒಬ್ಬ ವಿದೇಶಿ ವಿದ್ಯಾರ್ಥಿಗೆ 1,000 ಯೂರೋ ಬಹುಮಾನ ಕೊಡುತ್ತವೆ, ಅದಕ್ಕೂ ಓದು ಮತ್ತು ಸಮಾಜದ ಕೆಲಸ ಎರಡೂ ಬೇಕು.

ಇದಕ್ಕೆಲ್ಲ ಬೇಕಾಗುವುದು ಒಂದು ಹಾಳೆಯ ಪ್ರಮಾಣಪತ್ರ. ಸಂಘದ ಮುಖ್ಯಸ್ಥರು ಪ್ರತಿ ವರ್ಷ ಬದಲಾಗುತ್ತಾರೆ. ನಿಮ್ಮ ಕೆಲಸ ನೋಡಿದವರು ಇರುವಾಗಲೇ ಕೇಳಿ ಬರೆಸಿಕೊಳ್ಳಿ, ಓದು ಮುಗಿಯಲಿ ಅಂತ ಕಾಯಬೇಡಿ. ಅದರಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ಗಂಟೆ, ಏನು ಕೆಲಸ ಅನ್ನುವುದು ಇರಲಿ. "ತುಂಬ ಸಹಾಯ ಮಾಡಿದರು" ಅಂತ ಬರೆದುಕೊಟ್ಟರೆ ನಯವಾಗಿ ವಾಪಸ್ ಕೊಟ್ಟು, "ಬಾರಿನ ಖರೀದಿ ಮತ್ತು ಲೆಕ್ಕಪತ್ರ ನೋಡಿಕೊಂಡರು" ಅಂತ ಬರೆಸಿ. ಸಂಘದ ಮೊಹರು ಇದ್ದರೆ ಹಾಕಿಸಿ. ಮೊಹರು ಇಲ್ಲದಿದ್ದರೆ ಸಹಿಯ ಕೆಳಗೆ ಹೆಸರು, ಹುದ್ದೆ, ಇಮೇಲ್ ಮೂರನ್ನೂ ಬರೆಸಿಕೊಂಡು ಎದ್ದೇಳಿ.